ಓತಿಕ್ಯಾತಕ್ಕೊಂದು ಒಲೆ: ಮಲೆನಾಡಿನ ಮನೆಯಲ್ಲಿ ಇಗ್ವಾನಾ ಗೂಡಿಗೆ ಹೀಟ್ ಲ್ಯಾಂಪ್ ಕೂರಿಸುವ ಕ್ರಮ

"ಓತಿಕ್ಯಾತಕ್ಕೂ ಒಲೆ ಹಾಕ್ತಾರೇನೋ?"

ಗೂಡಿನಲ್ಲಿ ಮೊದಲ ಸಲ ಹೀಟ್ ಲ್ಯಾಂಪ್ ಉರಿದ ದಿನ ಅಮ್ಮ ಕೇಳಿದ್ದು ಇದು. ನಮ್ಮ ಹಸಿರು ಇಗ್ವಾನಾ ಅವಳ ಲೆಕ್ಕದಲ್ಲಿ ಇವತ್ತಿಗೂ ದೊಡ್ಡ ಓತಿಕ್ಯಾತವೇ. ಆಗ ನಕ್ಕುಬಿಟ್ಟಿದ್ದೆ. ಈಗ ಅನ್ನಿಸುತ್ತದೆ, ಅಮ್ಮ ಹೇಳಿದ್ದೇ ಸರಿ. ಉರಿಯುವ 100 ವಾಟ್ ಬಲ್ಬಿನ ಗಾಜು ಮುಟ್ಟಿದರೆ ಬೊಬ್ಬೆ ಏಳುತ್ತದೆ. ಸೆರಾಮಿಕ್ ಹೀಟರಿನ ಮೈ 200 ಡಿಗ್ರಿ ದಾಟುತ್ತದೆ. ಅದೂ ದಿನಕ್ಕೆ 10–12 ಗಂಟೆ, ನಾವು ತೋಟದಲ್ಲಿದ್ದಾಗಲೂ ಆಫೀಸಿನಲ್ಲಿದ್ದಾಗಲೂ ಉರಿಯುತ್ತಲೇ ಇರುತ್ತದೆ. ಬಚ್ಚಲೊಲೆಗೆ ಬೆಂಕಿ ಹಾಕಿ, ಬಾಗಿಲು ಎಳೆದುಕೊಂಡು ಯಾರಾದರೂ ಪೇಟೆಗೆ ಹೋಗುತ್ತಾರಾ? ಹೀಟ್ ಲ್ಯಾಂಪ್ ಹಾಕಿದವರು ದಿನಾ ಮಾಡುವುದು ಅದನ್ನೇ. ಹಾಗಾಗಿ ಇದನ್ನು ದೀಪ ಅಂದುಕೊಳ್ಳಬೇಡಿ, ಒಲೆ ಅಂದುಕೊಂಡೇ ಕೂರಿಸಿ.

ಮೊದಲು ಒಂದು ಮಾತು, ಪ್ರಾಣಿಯ ಬಗ್ಗೆ

ತೋಟದಲ್ಲಿ ಸಿಕ್ಕ ಆಮೆ, ಉಡ, ಹಾವು ಯಾವುದನ್ನೂ ತಂದು ಸಾಕುವಂತಿಲ್ಲ. ನಕ್ಷತ್ರ ಆಮೆಯಂತೂ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಗಾಯಗೊಂಡದ್ದು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ. ಹಸಿರು ಇಗ್ವಾನಾ, ಬಾಲ್ ಪೈಥಾನ್‌ನಂಥ ವಿದೇಶಿ ಜಾತಿಗಳಿಗೂ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಆಗಬೇಕು. ಮಾರುವವನು "ಅದೆಲ್ಲ ಬೇಡ ಸಾರ್" ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಸಾಕಲು ಆಗಲಿಲ್ಲ ಅಂತ ತುಂಗೆಗೋ ಕೆರೆಗೋ ಬಿಡುವುದೂ ತಪ್ಪು. ಕೆಂಪು ಕಿವಿಯ ಸ್ಲೈಡರ್ ಆಮೆಗಳು ಹೀಗೇ ಊರೂರ ಕೆರೆ ಸೇರಿ ನಮ್ಮ ಆಮೆಗಳ ಜಾಗ ಕಿತ್ತುಕೊಂಡಿವೆ.

ಎಷ್ಟು ಶಾಖ ಬೇಕು?

ಸರೀಸೃಪದ ಮೈಯಲ್ಲಿ ನಮ್ಮ ಹಾಗೆ ಶಾಖ ಹುಟ್ಟುವುದಿಲ್ಲ. ಅದು ಬೆಚ್ಚಗಿನ ಜಾಗಕ್ಕೆ ಹೋಗಿ ಮೈ ಕಾಯಿಸಿಕೊಳ್ಳುತ್ತದೆ, ಸಾಕಾದಾಗ ತಂಪಿನ ಕಡೆ ಸರಿಯುತ್ತದೆ. ತಿಂದ ಸೊಪ್ಪು ಅರಗಬೇಕಾದರೂ ಈ ಓಡಾಟ ಬೇಕು. ಆದ್ದರಿಂದ ಇಡೀ ಗೂಡನ್ನು ಒಂದೇ ಸಮ ಬಿಸಿ ಮಾಡಬಾರದು. ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು ಇರಬೇಕು. ಎಲ್ಲಿರಬೇಕು ಅಂತ ಪ್ರಾಣಿಯೇ ತೀರ್ಮಾನಿಸಲಿ.

ಇಗ್ವಾನಾಕ್ಕೆ ಮೈ ಕಾಯಿಸುವ ಜಾಗದಲ್ಲಿ 35ರಿಂದ 38 ಡಿಗ್ರಿ, ತಂಪು ತುದಿಯಲ್ಲಿ 26–28, ರಾತ್ರಿ 22–24 ಇದ್ದರೆ ಸಾಕು. ಬಿಯರ್ಡೆಡ್ ಡ್ರ್ಯಾಗನ್ ಅನ್ನುವ ಓತಿಕ್ಯಾತ ಮರುಭೂಮಿ ಕಡೆಯದು, ಅದಕ್ಕೆ ದೀಪದ ಕೆಳಗೆ 38–42 ಬೇಕು. ಬಾಲ್ ಪೈಥಾನ್‌ಗೆ ಬಿಸಿ ಕಡೆ 32, ತಂಪು ಕಡೆ 26. ಸ್ಲೈಡರ್ ಆಮೆ ಹತ್ತಿ ಕೂರುವ ಹಲಗೆಯ ಮೇಲೆ 32–35, ನೀರು 25ರ ಆಸುಪಾಸು.

ಇನ್ನು ನಮ್ಮೂರಿನ ಲೆಕ್ಕ. ವಿದೇಶದವರು ಬರೆದ ಸಲಹೆ ಓದಿ 150 ವಾಟ್ ಬಲ್ಬ್ ತರಿಸುವವರು ಇಲ್ಲೇ ಎಡವುತ್ತಾರೆ. ಅವರ ಸಲಹೆ ಹೊರಗೆ ಹಿಮ ಬೀಳುವ ಮನೆಗಳದ್ದು. ಶಿವಮೊಗ್ಗ ಪೇಟೆಯಲ್ಲಿ ಏಪ್ರಿಲ್ ಮಧ್ಯಾಹ್ನ ತಾರಸಿ ಮನೆಯೊಳಗೇ 34–35 ಡಿಗ್ರಿ ಇರುತ್ತದೆ. ಆಗ ದೀಪ ಉರಿಸಿದರೆ ತಂಪು ತುದಿ ಅನ್ನುವುದೇ ಉಳಿಯುವುದಿಲ್ಲ. ಅದೇ ತೀರ್ಥಹಳ್ಳಿ, ಹೊಸನಗರದ ಹಂಚಿನ ಮನೆಯಲ್ಲಿ ಪುಷ್ಯ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲಿಲ್ಲ, ಮನೆಯೊಳಗೆ 22 ದಾಟುವುದಿಲ್ಲ. ಡಿಸೆಂಬರ್ ಬೆಳಗಿನ ಜಾವ ಇನ್ನೂ ಕೆಳಗೆ. ಅಂದರೆ ನಮಗೆ ಒಂದೇ ಬಲ್ಬು, ಒಂದೇ ಸೆಟ್ಟಿಂಗು ವರ್ಷವಿಡೀ ನಡೆಯುವುದಿಲ್ಲ. ಏನೂ ಕೊಳ್ಳುವ ಮೊದಲು ಗೂಡು ಇಡುವ ಕೋಣೆಯಲ್ಲಿ ಒಂದು ಥರ್ಮಾಮೀಟರ್ ತೂಗುಹಾಕಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಒಂದು ವಾರ ಬರೆದಿಡಿ. ಈ ಚೀಟಿ ಮುಂದೆ ಎಲ್ಲದಕ್ಕೂ ಬೇಕಾಗುತ್ತದೆ.

ಬಲ್ಬು

ಹಗಲಿಗೆ ಬೆಳಕೂ ಶಾಖವೂ ಕೊಡುವ ಸಾದಾ ಬಿಳಿ ಹ್ಯಾಲೋಜೆನ್ ಫ್ಲಡ್ ಬಲ್ಬ್ (ಬೆಳಕನ್ನು ಅಗಲಕ್ಕೆ ಹರಡುವಂಥದ್ದು) ಸಾಕು. ಬೆಳಕು ಇರುವ ಕಡೆ ಬಿಸಿ ಇರುತ್ತದೆ ಅನ್ನುವುದು ಪ್ರಾಣಿಗೆ ಹುಟ್ಟಿನಿಂದ ಗೊತ್ತು. ಎಲ್‌ಇಡಿ ಈ ಕೆಲಸಕ್ಕೆ ಬರುವುದಿಲ್ಲ. ರಾತ್ರಿಗೆ ಅಂತ ಮಾರುವ ಕೆಂಪು, ನೀಲಿ ಬಲ್ಬುಗಳಿಗೆ ದುಡ್ಡು ಹಾಕಬೇಡಿ. ಆ ಬೆಳಕು ಅವಕ್ಕೂ ಕಾಣುತ್ತದೆ, ನಿದ್ದೆ ಕೆಡುತ್ತದೆ. ರಾತ್ರಿ ನಿಜಕ್ಕೂ ಶಾಖ ಬೇಕಾದರೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಇದೆ. ನಮ್ಮಲ್ಲಿ ಅದು ಬೇಕಾಗುವುದು ಮಳೆಗಾಲದ ಕೆಲವು ವಾರ, ಆಮೇಲೆ ಚಳಿಯ ಎರಡು ತಿಂಗಳು. ಬಿಸಿಯಾಗುವ ಕಲ್ಲು ಅಂತ ಒಂದು ಬರುತ್ತದೆ, ಅದನ್ನು ಮುಟ್ಟಲೇಬೇಡಿ. ಪ್ರಾಣಿ ಅದರ ಮೇಲೆ ಮಲಗಿ ಹೊಟ್ಟೆ ಸುಟ್ಟುಕೊಳ್ಳುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ, ಬೆನ್ನುನೋವಿಗೆ ಶಾಖ ಕೊಡುವ 250 ವಾಟಿನ ಕೆಂಪು ಬಲ್ಬೂ ಮನೆಯೊಳಗಿನ ಗೂಡಿಗೆ ತೀರಾ ಜಾಸ್ತಿ.

ಬಲ್ಬಿನ ಮೇಲೆ 220–240 ವೋಲ್ಟ್ ಅಂತ ಇದೆಯಾ, ಕಡ್ಡಾಯವಾಗಿ ನೋಡಿ. ನಾನು ಆನ್‌ಲೈನಿನಲ್ಲಿ ತರಿಸಿದ ಮೊದಲನೆಯದು 110 ವೋಲ್ಟಿನದು. ಸ್ವಿಚ್ ಹಾಕಿದ ಕೂಡಲೇ ಠಪ್ ಅಂತ ಒಡೆದು ಗಾಜು ಚೆಲ್ಲಾಪಿಲ್ಲಿಯಾಯಿತು. ವೋಲ್ಟೇಜ್ ಎರಡರಷ್ಟಾದರೆ ಶಾಖ ಎರಡಲ್ಲ, ಹತ್ತಿರಹತ್ತಿರ ನಾಲ್ಕರಷ್ಟು ಆಗಲು ನೋಡುತ್ತದೆ. ಪುಣ್ಯಕ್ಕೆ ಆಗ ಗೂಡಿನಲ್ಲಿ ಯಾರೂ ಇರಲಿಲ್ಲ.

ಎಷ್ಟು ವಾಟ್? ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಗೂಡಿಗೆ 60–75ರಿಂದ ಶುರು ಮಾಡಿ. ಇಗ್ವಾನಾದಂಥ ಉದ್ದ ಮೈಯ ಪ್ರಾಣಿಗೆ 120 ವಾಟಿನ ಒಂದು ಸ್ಪಾಟ್ ಬಲ್ಬಿಗಿಂತ 60ರ ಎರಡು ಫ್ಲಡ್ ಬಲ್ಬ್ ಅಕ್ಕಪಕ್ಕ ಹಾಕುವುದು ಎಷ್ಟೋ ಮೇಲು. ಸ್ಪಾಟ್ ಬಲ್ಬಿನ ಕೆಳಗೆ ಬೆನ್ನಿನ ಒಂದು ರೂಪಾಯಿಯಷ್ಟು ಅಗಲ ಸುಡುತ್ತಿರುತ್ತದೆ, ಉಳಿದ ಮೈ ತಣ್ಣಗಿರುತ್ತದೆ. ಮೈ ತಣ್ಣಗಿದೆ ಅಂತ ಪ್ರಾಣಿ ಅಲ್ಲೇ ಕೂರುತ್ತದೆ. ನಮ್ಮ ಹಾಗೆ ಚುರ್ ಅಂದ ಕೂಡಲೇ ಎದ್ದು ಓಡುವ ಜಾತಿ ಅಲ್ಲ ಅದು. ದೀಪದ ಕೆಳಗೆ ಹಾಯಾಗಿ ಕೂತೇ ಬೆನ್ನು ಬೇಯಿಸಿಕೊಳ್ಳುತ್ತದೆ.

ಹೀಟ್ ಲ್ಯಾಂಪಿನಿಂದ ಯುವಿಬಿ, ಅಂದರೆ ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ನೇರಳಾತೀತ ಕಿರಣ, ಸಿಗುವುದಿಲ್ಲ. ಇಗ್ವಾನಾಕ್ಕೂ ಆಮೆಗೂ ಎಲುಬು ಗಟ್ಟಿಯಾಗಲು ಯುವಿಬಿ ಟ್ಯೂಬ್ ಬೇರೆಯೇ ಬೇಕು. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲಿನಲ್ಲೂ ಅದು ಇರುವುದಿಲ್ಲ, ಗಾಜು ತಡೆದುಬಿಡುತ್ತದೆ.

ಹೋಲ್ಡರ್ ಮತ್ತು ವೈರ್: ಇಲ್ಲಿ ಜಿಪುಣತನ ಬೇಡ

ನಮ್ಮ ಮನೆಗಳಲ್ಲಿರುವ ಪ್ಲಾಸ್ಟಿಕ್ ಹೋಲ್ಡರ್ ಎಲ್‌ಇಡಿ ಕಾಲಕ್ಕೆ ಮಾಡಿದ್ದು. ಹೀಟ್ ಲ್ಯಾಂಪ್ ಹಾಕಿದರೆ ಕೆಲವೇ ವಾರದಲ್ಲಿ ಕಂದುಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತದೆ. ಪಿಂಗಾಣಿಯ ಇ27 ಸ್ಕ್ರೂ ಹೋಲ್ಡರೇ ಬೇಕು. ಶಿವಮೊಗ್ಗದ ಗಾಂಧಿ ಬಜಾರಿನ ಕಡೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ "ಪೋರ್ಸಲಿನ್ ಹೋಲ್ಡರ್ ಕೊಡಿ" ಅಂದರೆ ಗೊತ್ತಾಗುತ್ತದೆ. ಐಎಸ್‌ಐ ಗುರುತು ನೋಡಿ. ಹೋಲ್ಡರಿನ ಮೇಲೆ ಬರೆದ ವಾಟಿಗಿಂತ ದೊಡ್ಡ ಬಲ್ಬ್ ಹಾಕಬೇಡಿ.

100 ವಾಟ್ ಬಲ್ಬ್ ಎಳೆಯುವುದು ಅರ್ಧ ಆಂಪಿಯರ್‌ಗಿಂತ ಕಡಿಮೆ. ಹಾಗಾಗಿ ಕರೆಂಟಿನಿಂದ ವೈರು ಸುಡುವ ಭಯ ಇಲ್ಲಿ ಕಡಿಮೆ. ಸುಡುವುದು ಬಲ್ಬಿನ ಕಾವಿನಿಂದ. ಮಾಮೂಲಿ ಪಿವಿಸಿ ವೈರಿನ ತಾಳಿಕೆ 70 ಡಿಗ್ರಿ ಅಷ್ಟೇ. ಹೋಲ್ಡರಿನ ಹಿಂದೆ ಅದಕ್ಕಿಂತ ಬಿಸಿ ಇರುತ್ತದೆ. ಅದಕ್ಕೆ ಹೋಲ್ಡರಿನಿಂದ ಒಂದಡಿಯವರೆಗೆ ಸಿಲಿಕೋನ್ ವೈರ್ ಹಾಕಿ, ಅಥವಾ ವೈರಿಗೆ ಫೈಬರ್‌ಗ್ಲಾಸ್ ಸ್ಲೀವ್ ತೊಡಿಸಿ. ಗೂಡಿನೊಳಗೆ ವೈರಿನ ಜಾಯಿಂಟ್ ಇರಲೇಬಾರದು. ಟೇಪು ಸುತ್ತಿದ ಜಾಯಿಂಟಿನ ಅಂಟು ಶಾಖಕ್ಕೆ ಕರಗಿ ಬಿಚ್ಚಿಕೊಳ್ಳುತ್ತದೆ.

ಸ್ಕ್ರೂ ಹೋಲ್ಡರಿನಲ್ಲಿ ಫೇಸ್ ವೈರು ನಡುವಿನ ಪಿನ್ನಿಗೆ, ನ್ಯೂಟ್ರಲ್ ಹೊರಗಿನ ಸುರುಳಿಗೆ ಹೋಗಬೇಕು. ಅದಲು ಬದಲಾದರೂ ಬಲ್ಬು ಉರಿಯುತ್ತದೆ, ಆದರೆ ಬದಲಿಸುವಾಗ ಸುರುಳಿ ಮುಟ್ಟಿದವರಿಗೆ ಶಾಕ್. ಬಲ್ಬಿನ ಮೇಲೆ ಕವಚುವ ಲೋಹದ ಬಟ್ಟಲು, ಅಂದರೆ ಡೋಮ್, ಇದ್ದರೆ ಅದಕ್ಕೆ ಅರ್ಥಿಂಗ್ ಕೊಟ್ಟು ಮೂರು ಪಿನ್ನಿನ ಪ್ಲಗ್ ಹಾಕಿ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಹಿಂದೆ ಅರ್ಥ್ ವೈರೇ ಇರುವುದಿಲ್ಲ! ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ನೋಡಿಸಿ, ಅದೇ ಸಮಯಕ್ಕೆ ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ನೀರು, ಪ್ರಾಣಿ, ಕರೆಂಟು ಮೂರೂ ಒಂದೇ ಪೆಟ್ಟಿಗೆಯಲ್ಲಿ ಇರುವಾಗ ಇದು ದುಂದುಗಾರಿಕೆ ಅಲ್ಲ. ವೈರಿಂಗ್ ಕೆಲಸ ಕೈಗೆ ಒಗ್ಗದವರು ಈ ಭಾಗ ಪೂರ್ತಿ ಅವರಿಗೇ ಬಿಡಿ.

ವೈರು ಸಾಕೆಟ್ಟಿಗೆ ಹೋಗುವ ಮುಂಚೆ ಒಂದು ಗೇಣು ಕೆಳಗೆ ಇಳಿಬಿದ್ದು ಮತ್ತೆ ಮೇಲೆ ಹೋಗುವಂತೆ ಇರಲಿ. ಹಂಚು ಸೋರಿ ನೀರು ವೈರಿನ ಮೇಲೆ ಹರಿದು ಬಂದರೂ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ.

ಗೂಡು ಎಲ್ಲಿಡಬೇಕು

ಮಾಡಿನ ಕೆಳಗೆ, ಅಟ್ಟದ ಮೇಲೆ ಬೇಡ. ಅಲ್ಲಿ ಇಲಿಗಳ ರಾಜ್ಯ, ವೈರು ಕಡಿಯದೆ ಬಿಡುವುದಿಲ್ಲ. ಅಡಿಕೆ ಹಾಳೆ, ಸೋಗೆ, ಗೋಣಿಚೀಲ, ಒಣಗಲು ಹಾಕಿದ ಬಟ್ಟೆ ಇವೆಲ್ಲ ದೀಪದಿಂದ ಕನಿಷ್ಠ ಮೂರಡಿ ದೂರ. ಮಳೆಗಾಲದಲ್ಲಿ ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ ಅಂತ ಗೂಡಿನ ಮೇಲೆ ಸಾಕ್ಸ್ ಒಣಹಾಕುವ ಆಸೆ ಎಲ್ಲರಿಗೂ ಬರುತ್ತದೆ. ನಮ್ಮ ಮನೆಯಲ್ಲೂ ಬಂತು. ಈಗ ಗೂಡಿನ ಮೇಲ್ಭಾಗ ಇಳಿಜಾರಾಗಿದೆ, ಏನಿಟ್ಟರೂ ಜಾರಿ ಬೀಳುತ್ತದೆ.

ಗೂಡು ಪ್ಲೈವುಡ್‌ನದಾದರೆ ದೀಪಕ್ಕೂ ಮೇಲಿನ ಹಲಗೆಗೂ ನಡುವೆ 20 ಸೆಂಟಿಮೀಟರ್ ಆದರೂ ಬಿಡಿ. ಹಲಗೆಗೆ ಒಂದು ಸಿಮೆಂಟ್ ಶೀಟ್ ತುಂಡನ್ನು, ನಡುವೆ ಒಂದಿಂಚು ಗಾಳಿ ಆಡುವಂತೆ ಸ್ಪೇಸರ್ ಇಟ್ಟು ಹೊಡೆಯಿರಿ. ಮರ ಒಂದೇ ದಿನಕ್ಕೆ ಹೊತ್ತಿಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ಕಾದು ಕಾದು ಒಣಗಿ ಕಪ್ಪಾಗುತ್ತಾ ಬರುತ್ತದೆ, ಹಾಗಾದ ಮರಕ್ಕೆ ಆಮೇಲೆ ಕಡಿಮೆ ಶಾಖವೂ ಸಾಕು. ದೀಪದ ಮೇಲಿನ ಹಲಗೆ ಚೂರು ಕಂದಾದರೂ ಅದು ಎಚ್ಚರಿಕೆ ಅಂತ ತಿಳಿಯಿರಿ. ಗಾಳಿ ಒಳಬರಲು ತಂಪು ತುದಿಯಲ್ಲಿ ಕೆಳಗೆ, ಹೊರಹೋಗಲು ಬಿಸಿ ತುದಿಯಲ್ಲಿ ಮೇಲೆ ಜಾಲರಿ ಕಿಂಡಿ ಬಿಡಿ.

ತೂಗುಹಾಕುವುದು

ದೀಪದ ಜೊತೆ ಬರುವ ಕ್ಲಿಪ್ಪನ್ನು ನಂಬಿ ಕೆಟ್ಟವನು ನಾನು. ಮೊದಲ ವರ್ಷ ಗೂಡಿನ ಅಂಚಿಗೆ ಡೋಮ್ ಕ್ಲಿಪ್ ಮಾಡಿದ್ದೆ. ಬಿಸಿ, ತಣ್ಣಗೆ ಆಗುತ್ತಾ ಆಗುತ್ತಾ ಅದರ ಸ್ಪ್ರಿಂಗು ಸಡಿಲವಾಗಿತ್ತೋ ಏನೋ. ಒಂದು ಸಂಜೆ ಬಂದು ನೋಡಿದರೆ ದೀಪ ಒಳಗೆ ಬಿದ್ದು ತೆಂಗಿನ ನಾರಿನ ಪುಡಿಯ ಮೇಲೆ ಮುಖ ಮಾಡಿ ಮಲಗಿದೆ. ಊಟದ ತಟ್ಟೆಯಷ್ಟಗಲ ಕರಕಲು, ಮನೆಯೆಲ್ಲ ಸುಟ್ಟ ನಾರಿನ ವಾಸನೆ. ಜ್ವಾಲೆ ಎದ್ದಿರಲಿಲ್ಲ, ಒಳಗೇ ಕನಲುತ್ತಿತ್ತು. ಇಗ್ವಾನಾ ಮೂಲೆಯ ಕೊಂಬೆ ಹಿಡಿದು ಕೂತಿತ್ತು. ಇನ್ನೊಂದು ಗಂಟೆ ತಡವಾಗಿದ್ದರೆ? ಈ ಬರಹ ಹುಟ್ಟಿದ್ದೇ ಆ ಸಂಜೆ ಅನ್ನಬಹುದು.

ಅವತ್ತಿನಿಂದ ನಮ್ಮ ಮನೆಯಲ್ಲಿ ದೀಪಕ್ಕೆ ಎರಡು ಹಿಡಿತ. ಮೇಲಿನ ಮರದ ಪಟ್ಟಿಗೆ ಕಣ್ಣುಳ್ಳ ಸ್ಕ್ರೂ ಹಾಕಿ ಸಣ್ಣ ಲೋಹದ ಸರಪಳಿಯಿಂದ ಡೋಮ್ ತೂಗುಹಾಕುವುದು ಒಂದು. ಅದು ಬಿಟ್ಟರೂ ಬೀಳದಂತೆ ಬೇರೆ ಸ್ಕ್ರೂಗೆ ಕಟ್ಟಿದ ಗಟ್ಟಿ ತಂತಿ ಇನ್ನೊಂದು. ನೈಲಾನ್ ಹಗ್ಗ, ಪ್ಲಾಸ್ಟಿಕ್ ಟ್ಯಾಗು ಬೇಡ, ಕರಗುತ್ತವೆ. ವೈರಿನ ಮೇಲೆ ಭಾರ ಬೀಳಬಾರದು. ಸರಪಳಿ ಆದರೆ ಒಂದೊಂದು ಕೊಂಡಿ ಮೇಲೆ ಕೆಳಗೆ ಮಾಡಿ ಎತ್ತರ ಬದಲಿಸುವುದೂ ಸುಲಭ.

ಎರಡನೇ ತಂತಿಯ ಉದ್ದಕ್ಕೆ ಒಂದು ನಿಯಮ: ಮೊದಲ ಹಿಡಿತ ಕಳಚಿ ದೀಪ ಜೋತಾಡಿದರೂ ನೆಲ, ಕೊಂಬೆ, ಪ್ರಾಣಿ ಯಾವುದನ್ನೂ ಅದು ಮುಟ್ಟಬಾರದು. ಆಮೆಯ ತೊಟ್ಟಿಯಾದರೆ ನೀರಿಗೆ ಮುಟ್ಟುವ ಮಾತೇ ಇಲ್ಲ. ನೀರಿಗೆ ಬಿದ್ದ ಬಿಸಿ ಬಲ್ಬು ಒಡೆಯುತ್ತದೆ, ಕರೆಂಟು ನೀರಿಗಿಳಿಯುತ್ತದೆ.

ಬಲ್ಬಿಗೂ ಮೈ ಕಾಯಿಸುವ ಜಾಗಕ್ಕೂ 30 ಸೆಂಟಿಮೀಟರಿನಿಂದ ಶುರು ಮಾಡಿ. ಎಲ್ಲರೂ ಮಾಡುವ ತಪ್ಪು ಕೊಂಬೆಯವರೆಗೆ ಅಳೆಯುವುದು. ಪ್ರಾಣಿ ಕೂತಾಗ ಅದರ ಬೆನ್ನು ಕೊಂಬೆಗಿಂತ ಮೂರು ಬೆರಳು, ನಾಲ್ಕು ಬೆರಳು ಮೇಲಿರುತ್ತದೆ. ಬೆನ್ನಿನವರೆಗೆ ಅಳೆಯಿರಿ. ಮರಿ ಬೆಳೆದಂತೆ ಬೆನ್ನೂ ಮೇಲೆ ಬರುತ್ತದೆ ಅನ್ನುವುದು ನೆನಪಿರಲಿ. ಇಗ್ವಾನಾ ಬಾಲ ಸೇರಿ ಐದಡಿ ದಾಟಿ ಬೆಳೆಯುತ್ತದೆ.

ಜಾಲರಿ

ದೀಪ ಗೂಡಿನ ಹೊರಗೆ, ಮೇಲಿನ ಜಾಲರಿಯ ಆಚೆ ಇದ್ದರೆ ಅರ್ಧ ಚಿಂತೆ ಮುಗಿಯಿತು. ಒಳಗೇ ಇರಬೇಕಾದರೆ ಬಲ್ಬಿನ ಸುತ್ತ ತಂತಿ ಜಾಲರಿಯ ಬುಟ್ಟಿ ಬೇಕೇ ಬೇಕು. ಇಗ್ವಾನಾ ಹಾರುತ್ತದೆ, ಹಾವು ದೀಪಕ್ಕೇ ಸುತ್ತಿಕೊಳ್ಳುತ್ತದೆ. ಬಲ್ಬಿನಿಂದ ಜಾಲರಿಗೆ ಎಲ್ಲ ಕಡೆ 8–10 ಸೆಂಟಿಮೀಟರ್ ಅಂತರ ಇರಲಿ, ಇಲ್ಲದಿದ್ದರೆ ಜಾಲರಿಯೇ ಕಾದ ಹೆಂಚಾಗುತ್ತದೆ. ಕಣ್ಣು ಅರ್ಧ ಇಂಚಿಗಿಂತ ಸಣ್ಣದಿರಲಿ, ಉಗುರು, ಬೆರಳು ಸಿಕ್ಕಬಾರದು. ಕತ್ತರಿಸಿದ ತಂತಿಯ ತುದಿಗಳನ್ನು ಹೊರಗೆ ಮಡಚಿ. ದೀಪ ಎರಡು ಗಂಟೆ ಉರಿದ ಮೇಲೆ ಜಾಲರಿಗೆ ಅಂಗೈ ಹತ್ತಿರ ತನ್ನಿ, ಆಮೇಲೆ ಮುಟ್ಟಿ. ಕೈ ಇಟ್ಟುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಇನ್ನೂ ದೊಡ್ಡ ಬುಟ್ಟಿ ಮಾಡಿ.

ಥರ್ಮೋಸ್ಟಾಟ್, ಡಿಮ್ಮರ್, ಟೈಮರ್

ಗೂಡಿನ ಶಾಖ ನೋಡಿ ದೀಪವನ್ನು ಹತೋಟಿಯಲ್ಲಿಡುವ ಸಾಧನ ಥರ್ಮೋಸ್ಟಾಟ್. ಉರಿಯುವ ಬಲ್ಬಿಗೆ ಒಳ್ಳೆಯದು ಡಿಮ್ಮಿಂಗ್ ಥರ್ಮೋಸ್ಟಾಟ್. ಅದು ಬಲ್ಬನ್ನು ಆರಿಸಿ ಹಚ್ಚುವುದಿಲ್ಲ, ಒಲೆಯ ಸೌದೆ ಹಿಂದೆ ಎಳೆದ ಹಾಗೆ ಮಂದ ಮಾಡುತ್ತದೆ. ಬೆಲೆ ಜಾಸ್ತಿ. ನಮ್ಮಲ್ಲಿ ಸುಲಭಕ್ಕೆ ಸಿಗುವುದು ಎಸ್‌ಟಿಸಿ 1000 ಥರದ ಆನ್–ಆಫ್ ಕಂಟ್ರೋಲರ್. ಸೆರಾಮಿಕ್ ಹೀಟರಿಗೆ ಅದು ಸಾಕು. ಬಲ್ಬಿಗಾದರೆ ಪದೇ ಪದೇ ಆರಿ ಹೊತ್ತಿ ಪ್ರಾಣಿಗೂ ಕಿರಿಕಿರಿ, ಬಲ್ಬಿನ ಆಯುಷ್ಯವೂ ಕಡಿಮೆ. ನಾನು ಕಂಡುಕೊಂಡ ದಾರಿ ಹೀಗೆ: ಬಲ್ಬಿಗೆ ಲೈಟಿನ ಡಿಮ್ಮರ್ ಹಾಕಿ ಋತುವಿಗೆ ತಕ್ಕಂತೆ ಕೈಯಲ್ಲೇ ಹೊಂದಿಸುತ್ತೇನೆ. ಫ್ಯಾನ್ ರೆಗ್ಯುಲೇಟರ್ ಅಲ್ಲ, ಗಮನಿಸಿ. ಆನ್–ಆಫ್ ಕಂಟ್ರೋಲರನ್ನು ಕಾವಲಿಗೆ ಇಟ್ಟಿದ್ದೇನೆ, 39 ದಾಟಿದರೆ ಮಾತ್ರ ಅದು ದೀಪ ಕಡಿಯುತ್ತದೆ.

ಕಂಟ್ರೋಲರಿನ ಜೀವ ಇರುವುದು ಶಾಖ ಅಳೆಯುವ ಅದರ ಪ್ರೋಬಿನಲ್ಲಿ. ಅದನ್ನು ಮೈ ಕಾಯಿಸುವ ಜಾಗದ ಪಕ್ಕ, ಬೆನ್ನಿನ ಎತ್ತರಕ್ಕೆ, ಲೋಹದ ಕ್ಲಾಂಪಿನಿಂದ ಬಿಗಿಯಿರಿ. ಟೇಪು ಹಚ್ಚಬೇಡಿ. ಒಮ್ಮೆ ನಮ್ಮ ಇಗ್ವಾನಾ ಬಾಲದಲ್ಲಿ ಬಾರಿಸಿ ಟೇಪಿನ ಪ್ರೋಬನ್ನು ನೀರಿನ ಬಟ್ಟಲಿಗೆ ಕೆಡವಿತ್ತು. ನೀರು 24 ಡಿಗ್ರಿ. ಕಂಟ್ರೋಲರಿಗೆ ಗೂಡೇ ತಣ್ಣಗಿದ್ದಂತೆ ಕಂಡಿದೆ, ಸೆರಾಮಿಕ್ ಹೀಟರನ್ನು ಆರಿಸಲೇ ಇಲ್ಲ. ಇದಕ್ಕೇ ಎರಡನೇ ಕಂಟ್ರೋಲರ್ ಒಂದನ್ನು ಅದೇ ಲೈನಿನಲ್ಲಿ, ಒಂದರ ಹಿಂದೆ ಒಂದು ಬರುವಂತೆ ಹಾಕಿ, ಅದರ ಪ್ರೋಬನ್ನು ತಂಪು ತುದಿಯ ಮೇಲ್ಭಾಗದಲ್ಲಿಡಿ. ಅಲ್ಲಿ 32 ದಾಟಿತು ಅಂದರೆ ಎಲ್ಲೋ ಎಡವಟ್ಟಾಗಿದೆ ಅಂತಲೇ ಅರ್ಥ, ಲೈನು ಕಡಿಯಲಿ. ಒಂದರ ರಿಲೇ (ಒಳಗಿನ ಸ್ವಿಚ್) ಅಂಟಿಕೊಂಡು ಹಾಗೇ ನಿಂತರೂ ಇನ್ನೊಂದು ಕಾಯುತ್ತದೆ. ಏಪ್ರಿಲಿನಲ್ಲಿ ಕೋಣೆಯೇ 34 ಆದಾಗಲೂ ಅದು ತಾನಾಗಿ ದೀಪ ನಿಲ್ಲಿಸುತ್ತದೆ, ನಮಗೆ ಬೇಕಾದ್ದೂ ಅದೇ.

ಟೈಮರ್ ಬೆಳಿಗ್ಗೆ 7ರಿಂದ ಸಂಜೆ 7. ಚಕ್ರ ತಿರುಗುವ ಮೆಕ್ಯಾನಿಕಲ್ ಟೈಮರ್ ಮಲೆನಾಡಿಗೆ ಆಗಿಬರುವುದಿಲ್ಲ. ಕರೆಂಟು ಹೋದಾಗ ಅದರ ಗಡಿಯಾರವೂ ನಿಲ್ಲುತ್ತದೆ. ಆಷಾಢದ ಒಂದು ವಾರ ಕಳೆಯುವಷ್ಟರಲ್ಲಿ ದೀಪ ಮಧ್ಯರಾತ್ರಿವರೆಗೂ ಉರಿಯುತ್ತಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತೆಗೆದುಕೊಳ್ಳಿ. ಖರ್ಚು ಕೇಳುವವರಿಗೆ: 100 ವಾಟ್ 12 ಗಂಟೆ ಉರಿದರೆ ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36.

ಪ್ರಾಣಿ ಬಿಡುವ ಮುಂಚೆ ಮೂರು ದಿನ

ಖಾಲಿ ಗೂಡಿನಲ್ಲಿ ಮೂರು ದಿನ ದೀಪ ಓಡಿಸಿ. ಮೊದಲ ದಿನ ನೀವು ಮನೆಯಲ್ಲೇ ಇರಬೇಕು. ಪ್ಲಾಸ್ಟಿಕ್ ವಾಸನೆ, ಮರ ಕಾದ ವಾಸನೆ ಬರುತ್ತಿದೆಯಾ? ಎರಡು ಗಂಟೆಯ ನಂತರ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಾಗಿದ್ದರೆ ಸಾಕೆಟ್ಟಿನ ಹಿಡಿತ ಸಡಿಲ ಅಂತ, ಸಾಕೆಟ್ ಬದಲಿಸಿ. ಇನ್‌ಫ್ರಾರೆಡ್ ಗನ್ನಿನಿಂದ ಮೈ ಕಾಯಿಸುವ ಕೊಂಬೆ, ತಂಪು ತುದಿ, ದೀಪದ ಮೇಲಿನ ಹಲಗೆ, ಜಾಲರಿ ಎಲ್ಲ ಅಳೆದು ಬರೆಯಿರಿ. ಕೊಂಬೆಯ ಮೇಲೆ ನಾಲ್ಕು ಬೆರಳು ದಪ್ಪದ ಮರದ ತುಂಡಿಟ್ಟು ಅದರ ನೆತ್ತಿ ಅಳೆದರೆ ಬೆನ್ನಿನ ಲೆಕ್ಕ ಸಿಗುತ್ತದೆ. ಗಾಜಿಗೆ ಅಂಟಿಸುವ ಮುಳ್ಳಿನ ಮೀಟರನ್ನು ನಂಬಬೇಡಿ, ಅದು ಗಾಜಿನ ಬಿಸಿ ಹೇಳುತ್ತದೆಯೇ ಹೊರತು ಪ್ರಾಣಿ ಕೂರುವ ಜಾಗದ್ದಲ್ಲ.

ಜಾಸ್ತಿ ಬಿಸಿ ಇದ್ದರೆ ಸರಪಳಿ ಎರಡು ಕೊಂಡಿ ಮೇಲೆ. ಸಾಲದಿದ್ದರೆ ತಕ್ಷಣ ಕೆಳಗಿಳಿಸುವ ಬದಲು ಬಲ್ಬು ಒಂದು ಹಂತ ದೊಡ್ಡದು ಮಾಡಿ, ದೂರ ಹಾಗೇ ಇರಲಿ. ಮೊದಲ ಕಂಟ್ರೋಲರಿನ ಪ್ರೋಬನ್ನು ಬೇಕಂತಲೇ ಕಿತ್ತು ತಣ್ಣೀರಿಗೆ ಹಾಕಿ, ಎರಡನೇ ಕಂಟ್ರೋಲರ್ ದೀಪ ಕಡಿಯುತ್ತದಾ ಅಂತ ಕಣ್ಣಾರೆ ನೋಡಿ. ಸೆಕೆಗಾಲದಲ್ಲಿ ಮಾಡಿದ ಸೆಟ್ಟಿಂಗನ್ನು ಮುಂಗಾರು ಹಿಡಿದ ಮೇಲೆ, ಮತ್ತೆ ದೀಪಾವಳಿಯ ಆಸುಪಾಸು ಹೊಸದಾಗಿ ಅಳೆಯಬೇಕು.

ಮಳೆಗಾಲ ಮತ್ತು ಕರೆಂಟು

ಇಗ್ವಾನಾ ಹಸಿ ಕಾಡಿನ ಪ್ರಾಣಿ, ಶೇಕಡ 60–80ರಷ್ಟು ತೇವಾಂಶ ಅದಕ್ಕೆ ಇಷ್ಟ. ಬಯಲುಸೀಮೆಯವರು ದಿನಕ್ಕೆ ಮೂರು ಸಲ ನೀರು ಚಿಮುಕಿಸುತ್ತಾರೆ. ಆಗುಂಬೆ ಪಕ್ಕದ ನಮಗೆ ಆ ಕೆಲಸ ದೇವರೇ ಮಾಡಿಕೊಡುತ್ತಾನೆ. ತೊಂದರೆ ತೇವ ಮತ್ತು ಚಳಿ ಒಟ್ಟಿಗೆ ಬಂದಾಗ. ಬಾಯಿ ಕಳೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಹೊಟ್ಟೆಯಡಿ ಬೂಸ್ಟು ಇವು ಅದರ ಗುರುತು. ಹಾಗಾಗಿ ಮಳೆಗಾಲದಲ್ಲಿ ಬೆಚ್ಚಗಿರಲಿ ಅಂತ ಗಾಳಿ ಕಿಂಡಿ ಮುಚ್ಚಬೇಡಿ. ನೀರು ಚಿಮುಕಿಸಿದರೂ ದೀಪದ ಕಡೆ ಬೇಡ, ಬಿಸಿ ಗಾಜಿಗೆ ಒಂದು ಹನಿ ಬಿದ್ದರೂ ಬಿರಿಯಬಹುದು.

ಹಳ್ಳಿಗಳಲ್ಲಿ ವೋಲ್ಟೇಜು ಸಂಜೆ 180ಕ್ಕೆ ಇಳಿದು, ನಡುರಾತ್ರಿ 250ಕ್ಕೆ ಏರುವುದುಂಟು. 180ರಲ್ಲಿ ಸೆರಾಮಿಕ್ ಹೀಟರಿನ ಶಾಖ ಶೇಕಡ 40ರಷ್ಟು ಕುಸಿಯುತ್ತದೆ. 250ರಲ್ಲಿ ಶೇಕಡ 18ರಷ್ಟು ಜಾಸ್ತಿ. ಡಿಮ್ಮರ್ ಹೊಂದಿಸುವಾಗ ವೋಲ್ಟೇಜು ಎಷ್ಟಿತ್ತು ಅಂತಲೂ ಬರೆದಿಡಿ.

ಕರೆಂಟು ಹೋದರೆ ಗಾಬರಿ ಬೇಡ. ಆರೋಗ್ಯವಾಗಿರುವ ದೊಡ್ಡ ಇಗ್ವಾನಾ ಒಂದು ರಾತ್ರಿಯ 20 ಡಿಗ್ರಿ ತಡೆದುಕೊಳ್ಳುತ್ತದೆ. ಅತಿಯಾದ ಬಿಸಿಯನ್ನು ಒಂದು ಗಂಟೆಯೂ ತಡೆಯುವುದಿಲ್ಲ. ತುಂಬಾ ಚಳಿ ಇದ್ದರೆ ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಒಳಗಿಡಿ, ಗೂಡಿಗೆ ಕಂಬಳಿ ಹೊದಿಸಿ. ಆದರೆ ಕಂಬಳಿ ಮುಟ್ಟುವ ಮೊದಲು ದೀಪದ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ಕಿತ್ತೇ ಇಡಿ. ಕಂಬಳಿ ಹೊದಿಸಿ ನಾವು ಮಲಗಿರುತ್ತೇವೆ, ಮೂರು ಗಂಟೆಗೆ ಕರೆಂಟು ಬರುತ್ತದೆ, ಕಂಬಳಿಯ ಕೆಳಗೆ ದೀಪ ಹೊತ್ತಿಕೊಳ್ಳುತ್ತದೆ. ಮುಂದಿನದು ಹೇಳಬೇಕಾಗಿಲ್ಲ.

ವಾರಕ್ಕೊಮ್ಮೆ

ದೀಪ ಪೂರ್ತಿ ತಣ್ಣಗಾದ ಮೇಲೆ, ಪ್ಲಗ್ ಕಿತ್ತು, ಡೋಮಿನ ಧೂಳು ಒರೆಸಿ. ಮೊದಲ ಮಳೆಯ ಹೊತ್ತಿಗೆ ಈಚಲು ಹುಳ ಬೆಳಕಿಗೆ ಮುತ್ತಿ ಡೋಮಿನೊಳಗೆ ರಾಶಿ ಬಿದ್ದಿರುತ್ತವೆ, ಅವೂ ಹೊತ್ತುತ್ತವೆ. ಸರಪಳಿಗೆ ತುಕ್ಕು ಬಂದಿದೆಯಾ, ವೈರನ್ನು ಇಲಿ ಕಡಿದಿದೆಯಾ, ಸ್ವಿಚ್ ಬೋರ್ಡಿನಲ್ಲಿ ಇರುವೆ ಗೂಡು ಕಟ್ಟಿದೆಯಾ ನೋಡಿ. ಎರಡು ನಿಮಿಷದ ಕೆಲಸ. ಹತ್ತಿರದಲ್ಲೇ ಸ್ಮೋಕ್ ಅಲಾರ್ಮ್ ಒಂದು ಇರಲಿ, ಆದರೆ ಅಡುಗೆಮನೆಯ ಪಕ್ಕ ಬೇಡ. ಒಗ್ಗರಣೆಗೆಲ್ಲ ಕೂಗಿ ಕೂಗಿ ಕೊನೆಗೆ ಯಾರೋ ಬ್ಯಾಟರಿ ತೆಗೆದುಬಿಡುತ್ತಾರೆ.

ಪ್ರಾಣಿಯನ್ನೂ ಓದಿ. ಮೈ ಕಾಯಿಸುತ್ತಾ ಸ್ವಲ್ಪ ಬಾಯಿ ತೆರೆದು, ಆಮೇಲೆ ತಂಪಿಗೆ ಸರಿದರೆ ಎಲ್ಲ ಸರಿ ಇದೆ. ದಿನವಿಡೀ ದೀಪ ಬಿಟ್ಟು ಏಳದಿದ್ದರೆ ಗೂಡು ಸಾಕಷ್ಟು ಬಿಸಿ ಇಲ್ಲ. ದೀಪದ ಕಡೆಗೇ ಹೋಗದೆ ಮೂಲೆಯಲ್ಲಿ ಗಾಜು ಕೆರೆಯುತ್ತಿದ್ದರೆ ಅತಿಯಾಗಿದೆ, ಈಗಲೇ ಆರಿಸಿ.

ಬೆನ್ನ ಮೇಲೆ ಬಣ್ಣ ಬದಲಾದ ಪಟ್ಟೆ, ಕಂದು ಅಥವಾ ಬಿಳಿ ಹುರುಪೆ, ನೀರುಗುಳ್ಳೆ ಕಂಡರೆ ಅದು ಸುಟ್ಟ ಗಾಯ. ಎಷ್ಟೋ ಸಲ ಸುಟ್ಟು ಎರಡು ಮೂರು ದಿನ ಆದ ಮೇಲೆ ಕಾಣಿಸಿಕೊಳ್ಳುತ್ತದೆ. ಆಗಷ್ಟೇ ಸುಟ್ಟಿದ್ದರೆ ಹತ್ತು ನಿಮಿಷ ತಣ್ಣನೆಯ ನೀರು ಹನಿಸಿ, ಐಸ್ ಬೇಡ. ಅರಿಶಿನ, ತುಪ್ಪ, ಟೂತ್‌ಪೇಸ್ಟ್ ಏನೂ ಹಚ್ಚಬೇಡಿ. ಗೂಡಿನ ನಾರು, ಮಣ್ಣು ತೆಗೆದು ಪೇಪರ್ ಹಾಸಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಹೋಗುವ ಮುಂಚೆ ಫೋನ್ ಮಾಡಿ ಸರೀಸೃಪ ನೋಡುವವರು ಇದ್ದಾರಾ ಕೇಳಿ. ಟೆಂಪರೇಚರ್ ಬರೆದ ಆ ಚೀಟಿ ಮತ್ತು ಗೂಡಿನ ಒಂದು ಫೋಟೋ ಜೊತೆಗೊಯ್ಯಿರಿ. ವೈದ್ಯರು ಮೊದಲು ಕೇಳುವುದು ಅದನ್ನೇ.